ಕೆಳಗಿನಿಂದ ಪತ್ರ ಓದುವವರು

ಯಾವ ಪತ್ರವನ್ನೇ ಆದರೂ ಕೆಳಗಿನಿಂದ ಓದಬೇಕು ಎಂದು ನನಗೆ ಕಲಿಸಿದವರು ಹೋದ ತಿಂಗಳು ಸಿಡ್ನಿಯ ಲಿವರ್‌ಪೂಲ್‌ನಲ್ಲಿ ತೀರಿಕೊಂಡರು. ಆರು ವರ್ಷದ ಪರಿಚಯ. ಮುಖ ನೋಡಿದ್ದು ಒಂದೇ ಸಲ, ಅದೂ ನೋಡಬಾರದಂಥ ಸ್ಥಿತಿಯಲ್ಲಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. "ಹೆಸರಿಗೆ ಜಗಳಾಡಿದವರ ಪತ್ರ ಓದೂದೇ ಸಾಕಾಗೇದ, ಅದರಾಗ ನಮ್ಮ ಹೆಸರು ಬ್ಯಾರೆ ಯಾಕ್ರಿ?" ಎನ್ನುತ್ತಿದ್ದರು.

ನಮ್ಮಿಬ್ಬರಿಗೆ ಗಂಟು ಹಾಕಿದವರು ಸುಮಾರು ನೂರೈವತ್ತು ವರ್ಷಗಳ ಹಿಂದಿನ ಇನ್ನಿಬ್ಬರು. ಒಬ್ಬರು ಸಿಡ್ನಿಯ ಪಶ್ಚಿಮಕ್ಕಿದ್ದ ಗುಡ್ಡದೂರಿನ ಡಾಕ್ಟರು. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಬಂಡೆಯ ಮೇಲಿನ ಪಾಚಿ ಕೆರೆದು, ಒಣಗಿಸಿ, ಪೊಟ್ಟಣ ಕಟ್ಟುವ ಹುಚ್ಚು ಅವರಿಗೆ. ಇನ್ನೊಬ್ಬರು ಮೆಲ್ಬರ್ನ್‌ನ ಸಸ್ಯಶಾಸ್ತ್ರಜ್ಞರು. ಪೊಟ್ಟಣ ಹಡಗಿನಲ್ಲಿ ಬಂದರೆ ಬಿಚ್ಚಿ ನೋಡಿ, ಇದು ಹೊಸದು, ಇದು ಹಳೆಯದು, ಇದು ಕೊಳೆತಿದೆ ಎಂದು ಉತ್ತರ ಬರೆಯುವುದು ಅವರ ಕೆಲಸ. ನಮ್ಮ ಬಾಯಲ್ಲಿ ಅವರು ಸಾಹೇಬರು. ಇಬ್ಬರೂ ಹದಿನೆಂಟು ವರ್ಷ ಪತ್ರ ಬರೆದುಕೊಂಡರು, ಒಮ್ಮೆಯೂ ಭೇಟಿಯಾಗಲಿಲ್ಲ. ಡಾಕ್ಟರು ಬರೆದದ್ದೆಲ್ಲ ಮೆಲ್ಬರ್ನ್‌ನಲ್ಲಿ ಉಳಿಯಿತು, ಸಸ್ಯಶಾಸ್ತ್ರಜ್ಞರು ಬರೆದದ್ದೆಲ್ಲ ಸಿಡ್ನಿಯಲ್ಲಿ. ಈಗ ಎರಡೂ ಕಡೆಯ ಪತ್ರಗಳ ಫೋಟೋ ತೆಗೆದು ಕಂಪ್ಯೂಟರಿಗೆ ಏರಿಸಿದ್ದಾರೆ. ಯಾರು ಬೇಕಾದರೂ ಮನೆಯಲ್ಲಿ ಕುಳಿತು ಆ ಕೈಬರಹ ಓದಿ ಟೈಪ್ ಮಾಡಬಹುದು. ಸಂಬಳವಿಲ್ಲ. ಒಬ್ಬರು ಟೈಪ್ ಮಾಡಿದ ಪುಟವನ್ನು ಇನ್ನೊಬ್ಬರು ಮೂಲದ ಜೊತೆ ತಾಳೆ ನೋಡಿ ಒಪ್ಪಿದ ಮೇಲೆಯೇ ಅದು ಮುಗಿದ ಲೆಕ್ಕ.

ನನ್ನ ಮನೆ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ. ಆಸ್ಪತ್ರೆಯೊಂದರ ರೆಕಾರ್ಡ್ಸ್ ವಿಭಾಗದಲ್ಲಿ ಇಪ್ಪತ್ತು ವರ್ಷ ಡಾಕ್ಟರುಗಳ ಕೈಬರಹ ಓದಿದವಳು ನಾನು. ನನಗೆ ಓದಲಾಗದ ಅಕ್ಷರ ಭೂಮಿಯ ಮೇಲಿಲ್ಲ ಎಂಬ ಜಂಬ ಇತ್ತು. ನನ್ನ ಮೊದಲ ಪುಟ ಎರಡನೇ ದಿನಕ್ಕೆ ವಾಪಸ್ ಬಂತು. ಏಳು ಕಡೆ ಗುರುತು ಹಾಕಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು: ಇಲ್ಲಿ ನೀವು ಓದಿಲ್ಲ, ಊಹಿಸಿದ್ದೀರಿ. ಯಾರಪ್ಪ ಇವನು, ಮಾಡಲು ಬೇರೆ ಕೆಲಸ ಇಲ್ಲವೇ ಎಂದು ಮೈಯೆಲ್ಲ ಉರಿಯಿತು. ಮೂಲ ತೆಗೆದು ನೋಡಿದರೆ ಏಳರಲ್ಲಿ ಆರು ಕಡೆ ನಾನು ಊಹಿಸಿದ್ದು ನಿಜ. ಏಳನೆಯದರ ಬಗ್ಗೆ ಇವತ್ತಿಗೂ ನನಗೆ ತಕರಾರಿದೆ.

ಮೂರನೇ ಪುಟದ ಹೊತ್ತಿಗೆ ಅವರ ಟಿಪ್ಪಣಿ ಕನ್ನಡದಲ್ಲೇ ಬಂತು. ನನ್ನ ಅಡ್ಡಹೆಸರು ನೋಡಿ ಮಂಗಳೂರಿನ ಕ್ರಿಶ್ಚಿಯನ್ನರೆಂದು ಪತ್ತೆಹಚ್ಚಿ, ಫೋನ್ ನಂಬರ್ ಕೊಟ್ಟಿದ್ದರು. ಭಾನುವಾರ ನಾಲ್ಕು ಗಂಟೆಗೆ ಮಾಡಬೇಕು, ಅದಕ್ಕೆ ಮೊದಲು ಚಹಾ, ಆಮೇಲೆ ವಾಕಿಂಗ್ ಎಂದು ತಾಕೀತು ಬೇರೆ. ಮಾಡಿದೆ.

"ಧಾರವಾಡದಾಂವರೀ ನಾನು. ಇಲ್ಲೆ ಲಿವರ್‌ಪೂಲ್‌ನ್ಯಾಗ ಲ್ಯಾಬಿನೊಳಗಿದ್ದೆ, ಈಗ ರಿಟೈರ್. ಕೊಂಕಣಿಯವರಿಗೆ ಕನ್ನಡ ಓದಾಕ ಬರ್ತದಲ್ಲ?"

"ನಾನು ಕನ್ನಡ ಮೀಡಿಯಂ ಸರ್. ಓದ್ಲಿಕ್ಕೂ ಬರ್ತದೆ, ಬೈಲಿಕ್ಕೂ ಬರ್ತದೆ."

ಅವರು ಜೋರಾಗಿ ನಕ್ಕರು. ನನ್ನದು ಪುಸ್ತಕದಿಂದ ಕಿತ್ತು ತಂದ ಕನ್ನಡ ಎಂದು ಅವರೂ, ಅವರದು ಕುಶಲ ವಿಚಾರಿಸಿದರೂ ಜಗಳಕ್ಕೆ ಬಂದ ಹಾಗೆ ಕೇಳುತ್ತದೆ ಎಂದು ನಾನೂ ಆರು ವರ್ಷ ಆಡಿಕೊಂಡೆವು.

ಕೆಲಸದಲ್ಲಿ ಅವರದು ಕೊನೆಯಿಲ್ಲದ ತಾಳ್ಮೆ. ನನಗೆ ಅದನ್ನು ಕಂಡರೆ ತಲೆಚಿಟ್ಟು. ಒಂದು ಶಬ್ದ ಓದಲಾಗದಿದ್ದರೆ ಅದೇ ಮನುಷ್ಯನ ಬೇರೆ ಪತ್ರಗಳನ್ನು ತೆಗೆದು, ಆತ ಆ ಅಕ್ಷರವನ್ನು ಬೇರೆಡೆ ಹೇಗೆ ತಿದ್ದಿದ್ದಾನೆ ಎಂದು ಹುಡುಕುತ್ತಿದ್ದರು. ಅದಕ್ಕೆಂದೇ ಒಂದು ನೋಟ್‌ಬುಕ್ ಇತ್ತು. ಎಡ ಪುಟದಲ್ಲಿ 'ಡಾಕ್ಟರ ಕೈ', ಬಲ ಪುಟದಲ್ಲಿ 'ಸಾಹೇಬರ ಕೈ' ಎಂದು ಇಂಗ್ಲಿಷ್ ಅಕ್ಷರಮಾಲೆಯನ್ನು ಇಬ್ಬರ ವರಸೆಯಲ್ಲೂ ಬರೆದಿಟ್ಟಿದ್ದರು. ಅದಕ್ಕೂ ಬಗ್ಗದಿದ್ದರೆ ಆ ಶಬ್ದದ ಆಕಾರವನ್ನು ಮೇಜಿನ ಮೇಲೆ ಬೆರಳಿನಿಂದ ಮತ್ತೆ ಮತ್ತೆ ಬರೆಯುವುದು. "ಕಣ್ಣಿಗೆ ಸಿಗದ್ದು ಒಮ್ಮೊಮ್ಮೆ ಕೈಗೆ ಸಿಗ್ತದರಿ. ಅವರ ಕೈ ಹೆಂಗ ಓಡೇತಿ ಹಂಗ ನಮ್ಮ ಕೈ ಓಡಿಸಬೇಕು." ಇಷ್ಟಾದರೂ ಆಗದಿದ್ದರೆ ಆವತ್ತಿಗೆ ಬಿಟ್ಟು ಮಾರನೇ ಬೆಳಿಗ್ಗೆ ಮತ್ತೆ ನೋಡುವುದು. ಮೂರು ಸಲ ನೋಡಿ, ನಾಲ್ಕನೆಯದಕ್ಕೆ ಕೈಮುಗಿದು, ಆವರಣದೊಳಗೆ 'ಓದಲಾಗಲಿಲ್ಲ' ಎಂದು ಹಾಕುವುದು. ಆ ಖಾಲಿ ಆವರಣ ಹಾಕುವಾಗ ಅವರಿಗೆ ನಾಚಿಕೆಯೇ ಇರುತ್ತಿರಲಿಲ್ಲ. ನನಗೆ ಇರುತ್ತಿತ್ತು.

"ಸಂದರ್ಭ ನೋಡಿದ್ರೆ ಗೊತ್ತಾಗ್ತದಲ್ವಾ ಸರ್, ಅಲ್ಲಿ ಬೇರೆ ಎಂತ ಶಬ್ದ ಬರ್ಲಿಕ್ಕುಂಟು?" ಎಂದು ನಾನು ವಾದಕ್ಕಿಳಿದರೆ ಅವರದು ಒಂದೇ ಉತ್ತರ. "ಲ್ಯಾಬಿನ್ಯಾಗ ಹಂಗ ಅಂದಕೊಂಡು ಕೂತಿದ್ದರ ಯಾರದೋ ರಕ್ತ ಯಾರದೋ ಹೆಸರಿಗೆ ಹೋಗ್ತಿತ್ತು. ಕಾಣಲಿಲ್ಲಂದ್ರ ಕಾಣಲಿಲ್ಲ ಅಂತ ಬರೀರಿ. ಅದರಾಗ ಏನ್ ಗಂಟು ಹೋಗ್ತದ?"

ಕೆಳಗಿನಿಂದ ಓದುವ ಪಾಠವೂ ಹೀಗೇ ಒಂದು ಭಾನುವಾರ ಬಂದದ್ದು. ಆ ಕಾಲದ ವಿಜ್ಞಾನಿಗಳು ಪತ್ರವನ್ನು ಪಾಚಿಯಿಂದಲೇ ಶುರುಮಾಡುತ್ತಾರೆ. ಎಲೆಯ ಅಂಚು, ಬೀಜಾಣುವಿನ ಚೀಲ, ಸಿಕ್ಕಿದ ಜಾಗ, ಎತ್ತರ. ಮೂರು ಪುಟ ಅದೇ ಆದ ಮೇಲೆ ಸಹಿಗೆ ಮುಂಚಿನ ಎರಡು ಸಾಲಿನಲ್ಲಿ ಕೆಮ್ಮು, ಮಂಡಿನೋವು, ಹೆಂಡತಿಯ ಬಾಣಂತನ, ಸತ್ತ ಮಗು. "ವಿಜ್ಞಾನ ಮುಗದ ಮ್ಯಾಲೆ ಮನಶ್ಯಾ ಶುರು ಆಗ್ತಾನ್ರಿ. ಮೊದಲ ಕೆಳಗ ನೋಡ್ರಿ, ಅಂವ ಹೆಂಗಿದ್ದಾನ ತಿಳಕೋರಿ, ಆಮ್ಯಾಲೆ ಪಾಚಿ." ಜಾಗ ಸಾಲದಿದ್ದರೆ ಆಗಿನವರು ಪುಟವನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಕತ್ತರಿ ಹಾಕಿದ ಹಾಗೆ ಇನ್ನೊಂದು ಸುತ್ತು ಬರೆಯುತ್ತಿದ್ದರು. ಕಾಗದವೂ ಉಳಿಯುತ್ತಿತ್ತು, ಅಂಚೆಯ ತೂಕವೂ. ನೋಡಿದರೆ ಚಾಪೆ ಹೆಣೆದ ಹಾಗೆ ಕಾಣುತ್ತದೆ. ಆ ಅಡ್ಡಸಾಲಿನಲ್ಲಿ ಪಾಚಿ ಬರುವುದು ಅಪರೂಪ, ಬರುವುದು ಬರೀ ಮನುಷ್ಯ. ನನಗೆ ಅಡ್ಡಸಾಲು ಕಂಡರೆ ತಲೆನೋವು, ಅವರಿಗೆ ಹಬ್ಬ.

ಟೈಪ್ ಮಾಡಲು ನನ್ನ ಪಾಲಿಗೆ ಡಾಕ್ಟರ ಪತ್ರಗಳು, ಅವರ ಪಾಲಿಗೆ ಸಾಹೇಬರವು. ಆ ಇಬ್ಬರ ಬಗ್ಗೆ ಅವರು ಮಾತಾಡುತ್ತಿದ್ದ ರೀತಿ ಕೇಳಿದರೆ ಪಕ್ಕದ ಬೀದಿಯಲ್ಲಿದ್ದಾರೇನೋ ಅನಿಸಬೇಕು. "ನಿಮ್ಮ ಡಾಕ್ಟರಿಗೆ ಮತ್ತ ಕೆಮ್ಮೇನ್ರಿ? ಥಂಡಿಯೊಳಗ ಗುಡ್ಡಾ ಹತ್ತಬ್ಯಾಡ್ರಿ ಅಂದ್ರ ಕೇಳಂಗಿಲ್ಲ." ನಾನು "ನಿಮ್ಮ ಸಾಹೇಬರು ಥ್ಯಾಂಕ್ಸ್ ಹೇಳಿದ್ರಾ?" ಎಂದು ಕೇಳಿದರೆ, "ಎಲ್ಲೀದು? ಪೊಟ್ಣಾ ಸಣ್ಣದಾತು ಅಂತ ಬೈದಾನ" ಎಂದು ನೊಂದುಕೊಳ್ಳುವರು. ಇವರ ಹೆಂಡತಿ ತೀರಿ ಹೋಗಿ ಬಹಳ ವರ್ಷವಾಗಿತ್ತು. ಮಗಳು ಟೀಚರ್, ಅದೇ ಸಬರ್ಬ್‌ನಲ್ಲಿ ಬೇರೆ ಮನೆ. ನನಗೂ ಕೈಬರಹದಲ್ಲೇ ಪತ್ರ ಬರೆಯುತ್ತಿದ್ದರು, ತಿಂಗಳಿಗೊಂದು, ನೀಲಿ ಶಾಯಿಯಲ್ಲಿ. ಫೋನಿನಲ್ಲಿ ಹೇಳಿದ್ದನ್ನೇ ಬರೆದು ಅಂಚೆಗೆ ಹಾಕುವುದು. ಒಂದೊಂದು ಪತ್ರ ತಲುಪಲು ಎರಡು ವಾರ ಹಿಡಿಯುತ್ತಿತ್ತು. ಅವರ ಸಾಹೇಬರ ಕಾಲದ ಹಡಗೇ ವಾಸಿ ಎಂದು ನಾನು ರೇಗಿಸುತ್ತಿದ್ದೆ.

ಒಮ್ಮೆ ಬಂದು ಭೇಟಿಯಾಗಲೇ ಎಂದು ಎಷ್ಟು ಸಲ ಕೇಳಿದೆನೋ. ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. "ಅವಸರ ಬ್ಯಾಡ್ರಿ. ಪತ್ರ ಮುಗೀಲಿ. ಅವರಿಬ್ಬರ ಜಗಳಾ ಬಗೀಹರಿದ ದಿನ ಬರ್ರಿ, ನಮ್ಮ ಕಡೆ ಸಿಹಿ ಮಂಡಗಿ ಮಾಡಸ್ತೀನಿ" ಎನ್ನುತ್ತಿದ್ದರು.

ಜಗಳ ಏನೆಂದು ಹೇಳಬೇಕು. ಡಾಕ್ಟರು ತಮ್ಮ ಮನೆಯ ಹಿಂದಿನ ಒದ್ದೆ ಬಂಡೆಯ ಮೇಲೆ ಒಂದು ಹೊಸ ಪಾಚಿ ಕಂಡು ಮೆಲ್ಬರ್ನ್‌ಗೆ ಕಳಿಸಿದರು. ಸಾಹೇಬರು ಅದನ್ನು ಯುರೋಪಿಗೆ ಕಳಿಸಿದರು. ಅಲ್ಲಿ ಅದಕ್ಕೆ ಇನ್ನಾರದೋ ಹೆಸರಿಟ್ಟು ಅಚ್ಚುಹಾಕಿದರು. ಕಂಡವನ ಹೆಸರು ಎಲ್ಲೂ ಇಲ್ಲ. ಡಾಕ್ಟರು ನೊಂದು ಒಂದು ಕಟುವಾದ ಪತ್ರ ಬರೆದರು. ಆಮೇಲೆ ತಾವೇ ಹೆದರಿ, ಆ ಮಾತನ್ನು ಮರೆತುಬಿಡಿ ಎಂದು ಇನ್ನೊಂದು. ಅದಾದ ಮೇಲೆ, ಪೊಟ್ಟಣ ತಲುಪಿತೇ, ಒಂದು ಸಾಲು ಬರೆಯಿರಿ, ಎದೆ ಹಿಡಿದುಕೊಳ್ಳುತ್ತಿದೆ ಎಂದು ಮತ್ತೊಂದು. ಅಲ್ಲಿಗೆ ನನ್ನ ಕಟ್ಟು ಮುಗಿಯಿತು. ಆ ಚಳಿಗಾಲವೇ ಡಾಕ್ಟರು ತೀರಿಕೊಂಡರೆಂದು ಗೊತ್ತು. ಸಾಹೇಬರು ಉತ್ತರ ಬರೆದರೇ? ಕ್ಷಮಿಸಿ ಎಂದರೇ? ಬರೆದಿದ್ದರೆ ಅದು ಸಿಡ್ನಿಯ ಕೊನೆಯ ಕಟ್ಟಿನಲ್ಲಿರಬೇಕು. ಆ ಕಟ್ಟೇ ನೀರು ಕುಡಿದು ಹಾಳೆಗಳು ಅಂಟಿಕೊಂಡಿದ್ದವು. ಬಿಡಿಸುವ ಕೆಲಸ ನಡೆದಿದೆ, ಕಾಯಿರಿ ಎಂದರು ಅಲ್ಲಿನ ಸಂಗ್ರಹಾಲಯದವರು.

ಎರಡು ವರ್ಷ ಕಾದೆವು. ಪ್ರತಿ ಭಾನುವಾರ ಅವರ ಮೊದಲ ಪ್ರಶ್ನೆ ಅದೇ. "ಬಿಡಿಸಿದರೇನ್ರಿ?" ಸಾಯುವ ಮುಂಚೆ ಅದೊಂದು ಪತ್ರ ಓದಬೇಕು ಎಂದು ಅವರು ಒಂದು ಸಲ ಹೇಳಿದಾಗ, ಸುಮ್ಮನೆ ಎಂತ ಮಾತು ಸರ್ ಎಂದು ಗದರಿಸಿದ್ದೆ.

ಕಟ್ಟು ಬಂತು. ಬರುವ ಹನ್ನೊಂದು ದಿನ ಮುಂಚೆ ಅವರಿಗೆ ಸ್ಟ್ರೋಕ್ ಆಗಿತ್ತು.

ಕೈಕಾಲಿಗೆ ಏನೂ ಆಗಿರಲಿಲ್ಲ. ಮಾತು, ಬುದ್ಧಿ, ನೆನಪು ಎಲ್ಲ ನೆಟ್ಟಗಿತ್ತು. ಬಲಗಡೆಯ ನೋಟ ಹೋಗಿತ್ತು, ಮತ್ತು ಓದು ಹೋಗಿತ್ತು. ಬರೆಯಲು ಬರುತ್ತಿತ್ತು. ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ಹೀಗೂ ಆಗುತ್ತದೆಂದು ಅಷ್ಟು ವರ್ಷ ಆಸ್ಪತ್ರೆಯ ಕಡತ ತಿರುವಿದ ನನಗೇ ಗೊತ್ತಿರಲಿಲ್ಲ. ಮಗಳು ಫೋನ್ ಮಾಡಿ, ಅಪ್ಪ ತನ್ನ ಹೆಸರನ್ನು ತಾನೇ ಬರೆದು, ಇದು ಯಾರ ಹೆಸರು ಎಂದು ಕೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿ ಅತ್ತಳು. ನಾನೂ ಅತ್ತೆ. ಮತ್ತೇನು ಮಾಡುವುದು?

ಶನಿವಾರಕ್ಕೆ ಟಿಕೆಟ್ ಬುಕ್ ಮಾಡಿ ಹೋದೆ. ಆರು ವರ್ಷ ಕಾದ ಭೇಟಿ ಹೀಗಾಯಿತು. ಫೋನಿನ ದನಿಗೆ ನಾನು ಎತ್ತರದ ಆಸಾಮಿಯನ್ನು ಕಲ್ಪಿಸಿಕೊಂಡಿದ್ದೆ. ಕುಳ್ಳಗೆ, ತೆಳ್ಳಗೆ, ಬೂದು ಸ್ವೆಟರ್ ಹಾಕಿಕೊಂಡು ಕಿಟಕಿ ಪಕ್ಕ ಕುಳಿತಿದ್ದರು. "ಡ್ಯಾಡ್, ಮೆಲ್ಬರ್ನ್ ಆಂಟಿ ಈಸ್ ಹಿಯರ್" ಎಂದಳು ಮಗಳು. ಅವರು ಎದ್ದು ಕೈ ಮುಗಿಯುವಾಗ ಬಲಗಡೆಯಿದ್ದ ಚಹಾದ ಕಪ್ ಕೈ ತಾಗಿ ಉರುಳಿತು. ಮೇಜಿನ ಮೇಲೆ ನೋಟ್‌ಬುಕ್, ಭೂತಗನ್ನಡಿ ಎಲ್ಲ ಇದ್ದವು.

"ಅಕ್ಷರ ಕಾಣತಾವ್ರಿ," ಎಂದರು. "ಗೆರಿ, ಸುಳಿ, ಚುಕ್ಕಿ ಎಲ್ಲಾ ಕಾಣತಾವ. ಆದರ ಮಾತಾಡಂಗಿಲ್ಲ. ಲಿಪಿ ಗೊತ್ತಿಲ್ಲದ ಊರಿಗೆ ಬಂದಂಗ ಆಗೇದ." ಆಮೇಲೆ ಬೆರಳು ತೋರಿಸಿ, "ಥೆರಪಿಯಾಕಿ ಅಂದ್ಲು, ಬೆರಳಲೇ ಅಕ್ಷರದ ಮ್ಯಾಲೆ ತಿದ್ದಿದ್ರ ಒಂದೊಂದು ತಿಳೀತದ ಅಂತ. ನಾ ಅಂದೆ, ಅವ್ವಾ, ಆ ವಿದ್ಯಾ ನನಗ ಮೊದಲ ಗೊತ್ತದ." ನಗಲು ನೋಡಿದರು. ಒಂದು ಶಬ್ದಕ್ಕೆ ಐದು ನಿಮಿಷ ಹಿಡಿಯುತ್ತಿತ್ತಂತೆ. "ಈಗ ನೀವು ಓದ್ರಿ," ಎಂದರು.

ಕೊನೆಯ ಕಟ್ಟಿನಲ್ಲಿ ಸಾಹೇಬರ ಪತ್ರ ಒಂದೇ ಒಂದು, ಒಂದೇ ಹಾಳೆ. ಮಗಳು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಟ್ಟಿದ್ದಳು. ನೇರ ಸಾಲುಗಳನ್ನು ಓದಿದೆ. ಯಾವ ಪೊಟ್ಟಣದಲ್ಲಿ ಏನಿತ್ತು, ಯಾವುದು ಹಾಳಾಗಿದೆ, ಇನ್ನೇನು ಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿಯಿತು.

"ಅಡ್ಡಸಾಲು ಅದಾವೇನ್ರಿ?"

"ಉಂಟು ಸರ್. ನಾಲ್ಕು."

"ಹಂಗಾರ ಓದ್ರಿ," ಎಂದು ಮುಂದೆ ಬಾಗಿ ಕುಳಿತರು.

ಹಾಳೆ ತಿರುಗಿಸಿದೆ. ನಾಲ್ಕು ಸಾಲಿನ ಮೇಲೂ ನೀರಿನ ಕಲೆ. ಕೆಳಗಿನ ನೇರ ಸಾಲುಗಳೂ ಅಡ್ಡಸಾಲುಗಳೂ ಕಲಸಿಹೋಗಿ ಕಂದು ಬಣ್ಣವಾಗಿದ್ದವು. 'ನಿಮ್ಮ' ಎಂಬುದು ಕಂಡಿತು. ಮುಂದಿನದು ಕಾಣಲಿಲ್ಲ. ತಲೆಯೆತ್ತಿ ನೋಡಿದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಮುಖ ಅದು. ಕಾಣುವುದಿಲ್ಲ ಸರ್ ಎನ್ನಬೇಕಿತ್ತು. ಎರಡೇ ಶಬ್ದ. ನನ್ನ ಬಾಯಿಗೆ ಬರಲಿಲ್ಲ.

ನಾನು ಇಂಗ್ಲಿಷಿನಲ್ಲಿ, ನಿಧಾನವಾಗಿ, ನಡುನಡುವೆ ತಡವರಿಸಿ, ಇಲ್ಲದ ಪತ್ರವೊಂದನ್ನು ಓದಿದೆ. ಪ್ರಿಯ ಮಿತ್ರರೇ, ನಿಮ್ಮ ಹೆಸರು ಬಿಟ್ಟುಹೋದದ್ದು ನನ್ನದೇ ತಪ್ಪು, ಮನ್ನಿಸಿ, ಆರೋಗ್ಯ ನೋಡಿಕೊಳ್ಳಿ, ಬರುವ ವಸಂತದಲ್ಲಿ ನಿಮ್ಮಲ್ಲಿಗೆ ಬರುತ್ತೇನೆ.

ಅವರು "ಎಲ್ಲಾ ಶಬ್ದ ಛಂದ ಕಂಡವೇನು?" ಎಂದು ಕೇಳಿದರು.

"ಕಂಡವು ಸರ್."

"ಛಲೋ ಆತು," ಎಂದರು. ಮಗಳಿಗೆ ಇನ್ನೊಂದು ಸಲ ಚಹಾ ಮಾಡಲು ಹೇಳಿದರು. ಮಂಡಗಿ ಮಾಡಿಸಲಾಗಲಿಲ್ಲ ಎಂದು ಹಳಹಳಿಸಿದರು. ನಾನು ಹೊರಡುವಾಗ ಆ ಪ್ರಿಂಟ್ ಅವರ ತೊಡೆಯ ಮೇಲೆಯೇ ಇತ್ತು.

ವಾಪಸ್ ಬಂದ ಮೇಲೆ ಆ ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡಲಿಲ್ಲ. ಕೆಲಸ ಜಾಸ್ತಿ ಎಂದು ಮಗಳಿಗೆ ಮೆಸೇಜ್ ಹಾಕಿದೆ. ಅದರ ಮುಂದಿನ ಎರಡು ಭಾನುವಾರವೂ ಅಷ್ಟೇ. ಆ ಪುಟ ಟೈಪ್ ಮಾಡುವ ಸರದಿಯೂ ಈಗ ನನ್ನದೇ ಆಗಿತ್ತು, ತೆರೆಯಲು ಕೈ ಬರಲಿಲ್ಲ. ಖಾಲಿ ಬಿಟ್ಟರೆ ಅವರಿಗೆ ಸುಳ್ಳು ಹೇಳಿದ್ದು ಗೊತ್ತಾಗುತ್ತದೆ, ತುಂಬಿದರೆ ಸತ್ತವರ ಬಾಯಿಗೆ ನನ್ನ ಮಾತು ತುರುಕಿದ ಹಾಗೆ. ಅವರ ಪ್ರಶ್ನೆ ಕೇಳಿಸಿಕೊಳ್ಳುವ ಧೈರ್ಯ ಬಂದ ದಿನ ಮಾಡೋಣ ಎಂದುಕೊಂಡೆ. ಮೂರನೇ ಮಂಗಳವಾರ ಕೆಲಸದಲ್ಲಿದ್ದಾಗ ಮಗಳ ಕರೆ ಬಂತು. ಬೆಳಿಗ್ಗೆ ಚಹಾ ಕುಡಿದು ಎದ್ದವರಿಗೆ ಎರಡನೇ ಸ್ಟ್ರೋಕ್. ಅಂತ್ಯಕ್ರಿಯೆಯನ್ನು ರೆಕಾರ್ಡ್ಸ್ ವಿಭಾಗದ ಟೀ ರೂಮಿನಲ್ಲಿ ಕುಳಿತು ಫೋನಿನ ಲಿಂಕ್‌ನಲ್ಲಿ ನೋಡಿದೆ. ಅರ್ಧದಲ್ಲಿ ದನಿ ನಿಂತುಹೋಯಿತು, ಚಿತ್ರ ಮಾತ್ರ ಓಡಿತು. ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ.

ಅದೇ ವಾರ, ಶುಕ್ರವಾರ, ನನ್ನ ಅಂಚೆಪೆಟ್ಟಿಗೆಯಲ್ಲಿ ಅವರ ಪತ್ರವಿತ್ತು. ನೀಲಿ ಶಾಯಿ. ಹತ್ತು ದಿನ ಹಿಂದೆ ಹಾಕಿದ್ದು. ವಿಳಾಸ ಸರಿಯಾಗಿತ್ತು, ಸಾಲು ಮಾತ್ರ ಬಲಕ್ಕೆ ಇಳಿದಿತ್ತು.

ಅಭ್ಯಾಸದಂತೆ ಮೊದಲು ಕೆಳಗೆ ನೋಡಿದೆ. ಅವರು ಹಾಳೆಯ ತುದಿ ಮುಟ್ಟಿದ ಮೇಲೆ ಪುಟವನ್ನು ಅಡ್ಡ ತಿರುಗಿಸಿ, ಬರೆದದ್ದರ ಮೇಲೆಯೇ ನಾಲ್ಕು ಸಾಲು ಬರೆದಿದ್ದರು. ಅವರಿಗೆ ತಾವು ಬರೆದದ್ದು ಕಾಣುವಂತಿರಲಿಲ್ಲ. ಆ ನಾಲ್ಕೂ ಒಂದರ ಮೇಲೊಂದು ಹತ್ತಿ ಕುಳಿತಿದ್ದವು. ಹಾಗಾಗಿ ಮೇಲಿನಿಂದ ಓದಿದೆ.

"ಕ್ಷೇಮ. ಸಾಹೇಬರ ಕೊನೆಯ ಪತ್ರದ ಅಡ್ಡಸಾಲನ್ನು ಬೆರಳಿನಿಂದ ತಿದ್ದಿ ನೋಡಿದೆ. ಒಂಬತ್ತು ದಿನ ಹಿಡಿಯಿತು. ಮೂರು ಶಬ್ದ ಸಿಕ್ಕವು: ನಿಮ್ಮ ಕೊನೆಯ ಪೊಟ್ಟಣ. ಮುಂದೆ ಕಲೆ, ಬೆರಳಿಗೂ ಸಿಗುವುದಿಲ್ಲ. ನೀವು ಓದಿದ್ದು ಅಲ್ಲಿಲ್ಲ. ಇರುವುದೂ ಸಾಧ್ಯವಿಲ್ಲ, ಹದಿನೆಂಟು ವರ್ಷದಲ್ಲಿ ಅವರು ಯಾರನ್ನೂ ಪ್ರಿಯ ಮಿತ್ರ ಎಂದವರಲ್ಲ. ಪುಟದಲ್ಲಿ ಆ ಮೂರು ಶಬ್ದ ಹಾಕಿ ಉಳಿದದ್ದನ್ನು ಖಾಲಿ ಬಿಡಿರಿ. ಡಾಕ್ಟರಿಗೆ ಕ್ಷಮೆ ಸಿಕ್ಕಿತೋ ಇಲ್ಲವೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲವೆಂದೇ ಇರಲಿ."

ಇಷ್ಟು ನೇರ ಸಾಲು. ನನ್ನ ಬಗ್ಗೆ ಸಿಟ್ಟಿನ ಮಾತೂ ಇಲ್ಲ, ಸಮಾಧಾನದ ಮಾತೂ ಇಲ್ಲ. ಇದ್ದರೆ ಆ ನಾಲ್ಕು ಅಡ್ಡಸಾಲಿನಲ್ಲಿ ಇರಬೇಕು. ಭೂತಗನ್ನಡಿ ಹಿಡಿದೆ. ಅವರ ಹಳೆಯ ಪತ್ರಗಳನ್ನೆಲ್ಲ ಹರಡಿಕೊಂಡು, ಅವರ 'ಕ್ಷ' ಹೇಗಿರುತ್ತದೆ, 'ಮ' ಹೇಗಿರುತ್ತದೆ ಎಂದು ಹುಡುಕಿ ಪಟ್ಟಿ ಮಾಡಿದೆ. ಮೇಜಿನ ಮೇಲೆ ಬೆರಳಾಡಿಸಿದೆ. ಒಂದು ಕಡೆ 'ನಿಮ್ಮ' ಇದ್ದ ಹಾಗೆ ಕಂಡಿತು. ಮುಂದಿನ ಶಬ್ದ 'ಮೇಲೆ' ಇರಬಹುದು. ಅದರ ಮುಂದೆ ಏನಿರಬೇಕೆಂದು ನನಗೆ ಆಸೆಯೋ ಅದು ಎದ್ದು ಕಾಣಲು ಶುರುವಾಯಿತು. ಮಡಿಸಿಟ್ಟೆ.

ಮಾರನೇ ಬೆಳಿಗ್ಗೆ ನೋಡಿದೆ. ಅದರ ಮಾರನೇ ಬೆಳಿಗ್ಗೆಯೂ ನೋಡಿದೆ.

ಸಾಹೇಬರ ಪುಟವನ್ನು ಅವರು ಹೇಳಿದಂತೆಯೇ ಟೈಪ್ ಮಾಡಿ ಕಳಿಸಿದ್ದೇನೆ. ತಾಳೆ ನೋಡುವವರಿಲ್ಲದೆ ಅದು ಹಾಗೇ ನಿಂತಿದೆ. ಇವರ ಪತ್ರವನ್ನೂ ಟೈಪ್ ಮಾಡಿ ಮಗಳಿಗೆ ಕಳಿಸಿದೆ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ, ಆದರೂ ಬೇಕು ಎಂದಳು. ಕೊನೆಯಲ್ಲಿ ಆವರಣ ಹಾಕಿ ಬರೆದೆ: ನಾಲ್ಕು ಅಡ್ಡಸಾಲು, ಓದಲಾಗಲಿಲ್ಲ. ಅವಳು ಫೋನ್ ಮಾಡಿ, "ಆಂಟಿ, ಗೆಸ್ ಮಾಡಿ, ಪ್ಲೀಸ್, ವಾಟ್ ಡು ಯು ಥಿಂಕ್ ಹಿ ಸೆಡ್?" ಎಂದು ಕೇಳಿದಳು.

"ಕಾಣುವುದಿಲ್ಲ ಮಗಾ," ಎಂದೆ.